ಉಪಗ್ರಹ ಚಿತ್ರ ಇಳಿಯುತ್ತಿಲ್ಲವೇ? ಇಳಿದದ್ದು ಸರಿಯಿಲ್ಲವೇ? ಕೊಡಗಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದ ಹಸಿರನ್ನು ಉಪಗ್ರಹ ಚಿತ್ರದಲ್ಲಿ ಅಳೆಯುತ್ತಿದ್ದೆ. 2021ರ ಜನವರಿಯ ಚಿತ್ರದಲ್ಲಿ ಎನ್‌ಡಿವಿಐ (ಎಲೆಯ ಹಸಿರನ್ನು ಹೇಳುವ ಅಂಕ) 0.76 ಇತ್ತು. 2023ರ ಜನವರಿಗೆ 0.48ಕ್ಕೆ ಇಳಿದಿತ್ತು. ತೋಟದವರಿಗೆ ಫೋನ್ ಮಾಡಿದೆ. ‘ಅಣ್ಣಾ, ಈ ಸಲ ಮರಗಸಿ ಜಾಸ್ತಿ ಮಾಡಿಸಿದ್ರಾ?’ ಅಂದೆ. ಮರಗಸಿ ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು. ‘ಇಲ್ವಲ್ಲ, ಯಾವಾಗಿನಷ್ಟೇ’ ಅಂದರು. ಅವರು ಹೇಳಿದ್ದೇ ನಿಜ. ತೋಟಕ್ಕೆ ಏನೂ ಆಗಿರಲಿಲ್ಲ. ಎರಡು ಫೈಲುಗಳಲ್ಲಿ ಅಂಕಿ ಬರೆದಿಟ್ಟ ರೀತಿಯೇ ಬೇರೆ ಬೇರೆ ಇತ್ತು. ಹೇಗೆ ಅಂತ ಮುಂದೆ ಬಿಡಿಸಿ ಹೇಳಿದ್ದೇನೆ.

ತೋಟಕ್ಕೆ ಏನೋ ಆಗಿದೆ, ಕಾಡಿಗೆ ಏನೋ ಆಗಿದೆ ಅನ್ನುವ ಮೊದಲು ಫೈಲಿಗೆ ಏನಾಗಿದೆ ಅಂತ ನೋಡಬೇಕು. ಈ ಬರಹ ಇರುವುದು ಅದಕ್ಕೇ. ಕಾಸು ಖರ್ಚಿಲ್ಲದ, ಐದು ನಿಮಿಷದ ಪರೀಕ್ಷೆಗಳು ಮೊದಲು ಬರುತ್ತವೆ. ಕಷ್ಟದವು ಆಮೇಲೆ. ನಿಮ್ಮ ತೊಂದರೆ ಯಾವುದೋ ಆ ಭಾಗಕ್ಕೆ ನೇರ ಹೋಗಬಹುದು. ಹಾರಂಗಿ ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬೇಡಿ.

ಎಲ್ಲಕ್ಕಿಂತ ಮೊದಲು ಹಾರಂಗಿ ಪರೀಕ್ಷೆ

ಚಿತ್ರ ಇಳಿಸಿದ ಕೂಡಲೇ ಕ್ಯೂಜಿಐಎಸ್‌ನಲ್ಲಿ ತೆರೆಯಿರಿ. ಅದು ನಕ್ಷೆ, ಉಪಗ್ರಹ ಚಿತ್ರ ತೆರೆದು ನೋಡುವ ಉಚಿತ ತಂತ್ರಾಂಶ. ನಿಮ್ಮ ತೋಟ ಹುಡುಕಲು ಹೋಗಬೇಡಿ. ಕುಶಾಲನಗರದ ಹತ್ತಿರದ ಹಾರಂಗಿ ಜಲಾಶಯಕ್ಕೆ ಹೋಗಿ. ಕೈ ಬೆರಳು ಚಾಚಿದ ಹಾಗಿರುವ ಆ ನೀರಿನ ಅಂಚು ಎಂಥ ಚಿತ್ರದಲ್ಲೂ ಗುರುತು ಸಿಗುತ್ತದೆ.

ಮೂರು ವಿಷಯ ನೋಡಿ. ನೀರಿನ ಅಂಚು ಹಿನ್ನೆಲೆ ನಕ್ಷೆಯ ಜಲಾಶಯದ ಮೇಲೆ ಸರಿಯಾಗಿ ಕೂತಿದೆಯಾ? ಬೇಸಿಗೆಯಲ್ಲಿ ನೀರು ಇಳಿದಾಗ ಅಂಚು ಒಳಗೆ ಸರಿಯುತ್ತದೆ, ಅದು ತಪ್ಪಲ್ಲ. ಇಡೀ ಆಕಾರವೇ ಒಂದು ಕಡೆಗೆ ಜರುಗಿದ್ದರೆ ತಪ್ಪು. ಎರಡನೆಯದು, ನಿಯರ್ ಇನ್ಫ್ರಾರೆಡ್ ಬ್ಯಾಂಡಿನಲ್ಲಿ (ಕಣ್ಣಿಗೆ ಕಾಣದ ಒಂದು ಬೆಳಕಿನ ಪದರದಲ್ಲಿ) ನೀರು ಕಪ್ಪಗಿದೆಯಾ? ಮೂರನೆಯದು, ಎನ್‌ಡಿವಿಐ ಲೆಕ್ಕ ಮಾಡಿದ್ದರೆ ತಿಳಿನೀರಿಗೆ ಸೊನ್ನೆಗಿಂತ ಕಡಿಮೆ ಬಂದಿದೆಯಾ? ಮೂರೂ ಸರಿಯಿದ್ದರೆ ಫೈಲು ಬಹುಮಟ್ಟಿಗೆ ಸರಿ ಅಂತ ನಂಬಿ ಮುಂದೆ ಹೋಗಬಹುದು. ಮೊದಲನೆಯದು ತಪ್ಪಿದರೆ ‘ತೋಟ ಇರೋ ಜಾಗದಲ್ಲಿಲ್ಲ’ ಭಾಗ ಓದಿ. ಉಳಿದೆರಡರಲ್ಲಿ ಒಂದು ತಪ್ಪಿದರೂ ‘ಎನ್‌ಡಿವಿಐ ನಂಬೋ ಹಾಗಿಲ್ಲ’ ಭಾಗಕ್ಕೆ ಹೋಗಿ.

‘ಹಳೇ ಲಿಂಕ್ ತೆರೆಯಲ್ಲ, ಲಾಗಿನ್ ಆಗಲ್ಲ’

ಯಾವುದೋ ಹಳೇ ಪಾಠದ ಟಿಪ್ಪಣಿ ಹಿಡಿದು ಹೊರಟವರಿಗೆ ಹೀಗಾಗುತ್ತದೆ. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳನ್ನು ಕೊಡುತ್ತಿದ್ದ ಹಳೆಯ ‘ಸೈ-ಹಬ್’ 2023ರಲ್ಲೇ ಮುಚ್ಚಿದೆ. ಈಗ ಅದರ ಜಾಗದಲ್ಲಿ ಕೋಪರ್ನಿಕಸ್ ಡೇಟಾ ಸ್ಪೇಸ್ ಇದೆ. ಹಳೇ ಹೆಸರು, ಹಳೇ ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ. ಹೊಸದಾಗಿ ಖಾತೆ ತೆರೆಯಬೇಕು, ಹಣ ಕೊಡಬೇಕಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಬೇಕಾದರೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನವರ ಅರ್ಥ್ ಎಕ್ಸ್‌ಪ್ಲೋರರ್. ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಚಿತ್ರಗಳಿಗೆ ಇಸ್ರೊದ ಭೂನಿಧಿ ಜಾಲತಾಣ. ಮೂರಕ್ಕೂ ಬೇರೆ ಬೇರೆ ಖಾತೆ.

ಖಾತೆ ತೆರೆದ ಮೇಲೂ ಒಳಗೆ ಬಿಡದಿದ್ದರೆ ಇಮೇಲಿನ ಸ್ಪ್ಯಾಮ್ ಪೆಟ್ಟಿಗೆ ನೋಡಿ. ದೃಢೀಕರಣದ ಪತ್ರ ಅಲ್ಲಿ ಕೂತಿರುತ್ತದೆ. ಕೋಡ್ ಬರೆದು ಇಳಿಸುವವರಿಗೆ ‘401’ ಬಂದರೆ ಟೋಕನ್ ಮುಗಿದಿದೆ ಅಂತ ಅರ್ಥ. ಅದು ಕೆಲವೇ ನಿಮಿಷ ಬಾಳುತ್ತದೆ, ಮತ್ತೆ ಪಡೆಯಬೇಕು. ‘429’ ಬಂದರೆ ನೀವು ಒಂದೇ ಸಲಕ್ಕೆ ಜಾಸ್ತಿ ಕೇಳಿದ್ದೀರಿ. ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಕೇಳಿ.

ಒಂದು ಎಚ್ಚರಿಕೆ. ‘ಎಚ್‌ಡಿ ಉಪಗ್ರಹ ಚಿತ್ರ ಉಚಿತ, ಈ ಆ್ಯಪ್ ಹಾಕಿಕೊಳ್ಳಿ’ ಅನ್ನುವ ಗುರುತಿಲ್ಲದ ಜಾಲತಾಣಗಳಿಂದ ಏನನ್ನೂ ಹಾಕಿಕೊಳ್ಳಬೇಡಿ. ಕೋಡ್ ಫೈಲಿನೊಳಗೆ ಪಾಸ್‌ವರ್ಡ್ ಬರೆದು ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

‘ಹುಡುಕಿದರೆ ಒಂದೂ ಚಿತ್ರ ಬರಲ್ಲ’

ಮೊದಲು ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮೇಲೆ ಮೋಡ ಬಿಟ್ಟರೆ ಉಪಗ್ರಹಕ್ಕೆ ಬೇರೇನೂ ಕಾಣುವುದು ಅಪರೂಪ. ಜುಲೈ ತಿಂಗಳಿಗೆ ‘ಮೋಡ 10% ಒಳಗೆ’ ಅಂತ ಹಾಕಿ ಹುಡುಕಿದರೆ ಖಾಲಿ ಬರುವುದೇ ಸಹಜ. ನವೆಂಬರ್‌ನಿಂದ ಮಾರ್ಚ್‌ವರೆಗಿನ ದಿನಾಂಕ ಹಾಕಿ ನೋಡಿ. ಚಿತ್ರ ಬಂದರೆ ನಿಮ್ಮ ಹುಡುಕಾಟದಲ್ಲಿ ತಪ್ಪಿಲ್ಲ.

ಆಮೇಲೆ ಮೋಡದ ಮಿತಿಯನ್ನು 60, 70ಕ್ಕೆ ಏರಿಸಿ. ಜಾಸ್ತಿ ಜನ ಇಲ್ಲಿ ಎಡವುತ್ತಾರೆ. ಆ ಶೇಕಡಾ ಲೆಕ್ಕ ನಿಮ್ಮ ತೋಟದ್ದಲ್ಲ. ಸೆಂಟಿನೆಲ್-2ರ ಒಂದು ತುಂಡು ಸುಮಾರು 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಮಡಿಕೇರಿ ಬೀಳುವ ತುಂಡಿನಲ್ಲಿ ಅರಬ್ಬೀ ಸಮುದ್ರದ ಕಡೆಯ ಕೇರಳವೂ ಇದೆ. ಭಾಗಮಂಡಲದ ಮೇಲೆ ಮೋಡ ಕವಿದು ಕುಶಾಲನಗರದಲ್ಲಿ ಬಿಸಿಲು ಕಾಯುವ ದಿನ ನಮ್ಮಲ್ಲಿ ಎಷ್ಟಿಲ್ಲ ಹೇಳಿ! ಅಂಥ ದಿನದ ಚಿತ್ರಕ್ಕೆ ‘60% ಮೋಡ’ ಅಂತ ಚೀಟಿ ಅಂಟಿರುತ್ತದೆ. ನಿಮ್ಮ ತೋಟ ಮಾತ್ರ ಕನ್ನಡಿಯ ಹಾಗೆ ಕಾಣುತ್ತಿರುತ್ತದೆ. ಸಣ್ಣ ಮುನ್ನೋಟದ ಚಿತ್ರವನ್ನು ಕಣ್ಣಿನಲ್ಲೇ ನೋಡಿ ತೀರ್ಮಾನ ಮಾಡಿ.

ಮೂರನೆಯದು ಅಕ್ಷಾಂಶ, ರೇಖಾಂಶದ ಅದಲುಬದಲು. ಮಡಿಕೇರಿ ಇರುವುದು ಉತ್ತರಕ್ಕೆ 12.42, ಪೂರ್ವಕ್ಕೆ 75.74 ಡಿಗ್ರಿಯಲ್ಲಿ. ಮೊಬೈಲಿನ ನಕ್ಷೆ ಅಕ್ಷಾಂಶವನ್ನು ಮೊದಲು ತೋರಿಸುತ್ತದೆ. ಗೂಗಲ್‌ನವರ ಅರ್ಥ್ ಎಂಜಿನ್ ತಾಣ, ನಕ್ಷೆಯ ಜಾಗ ಬರೆದಿಡುವ ಜಿಯೋಜೇಸನ್ ಫೈಲು ಎರಡೂ ರೇಖಾಂಶವನ್ನು ಮೊದಲು ಕೇಳುತ್ತವೆ. ತಿರುಗಿಸಿ ಹಾಕಿದರೆ ಮಡಿಕೇರಿ ಹೋಗಿ ನಾರ್ವೆಯ ಉತ್ತರದ ಸಮುದ್ರದಲ್ಲಿ ಬೀಳುತ್ತದೆ. ಚಿತ್ರ ತುಂಬಾ ನೀರೋ ಮಂಜುಗಡ್ಡೆಯೋ ಕಂಡರೆ ಇದೇ ಕಾರಣ.

2018ರ ಆಗಸ್ಟ್ ಭೂಕುಸಿತದ ಚಿತ್ರ ಹುಡುಕುವ ವಿದ್ಯಾರ್ಥಿಗಳಿಗೆ ಒಂದು ಮಾತು. ಗಾಳಿಯ ಮಬ್ಬು ತೆಗೆದು ಸಿದ್ಧ ಮಾಡಿದ ‘ಎಲ್2ಎ’ ಚಿತ್ರಗಳು ಜಗತ್ತಿಗೆಲ್ಲ ಬರಲು ಶುರುವಾದದ್ದು 2018ರ ಕೊನೆಯಲ್ಲಿ. ಅದಕ್ಕಿಂತ ಹಿಂದಿನ ದಿನಾಂಕಕ್ಕೆ ಎಲ್2ಎ ಸಿಗದಿದ್ದರೆ ಮಬ್ಬು ತೆಗೆಯದ ‘ಎಲ್1ಸಿ’ ಆರಿಸಿ ನೋಡಿ. ಆಗಸ್ಟ್‌ನಲ್ಲೇ ಸ್ವಚ್ಛ ಚಿತ್ರ ಬೇಕು ಅಂತ ಹಟ ಹಿಡಿಯಬೇಡಿ. ಮಕ್ಕಂದೂರು, ಜೋಡುಪಾಲದ ಕಡೆಯ ಗುಡ್ಡಗಳ ಮೇಲಿನ ಕೆಂಪು ಗಾಯಗಳು ಮಳೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕಾಣುತ್ತಿದ್ದವು. ನವೆಂಬರ್, ಡಿಸೆಂಬರ್ ಚಿತ್ರವೂ ನಿಮ್ಮ ಕೆಲಸಕ್ಕೆ ಬರುತ್ತದೆ.

ಮಳೆಗಾಲದ್ದೇ ಬೇಕು ಅನ್ನುವವರು ಸೆಂಟಿನೆಲ್-1ರ ರೇಡಾರ್ ಚಿತ್ರಕ್ಕೆ ಹೋಗಬೇಕು. ಅದಕ್ಕೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಗದ್ದೆಗೆ ನೀರು ನಿಂತದ್ದು, ಕಾವೇರಿ ಉಕ್ಕಿದ್ದು ಅದರಲ್ಲಿ ಕಪ್ಪಗೆ ಕಾಣುತ್ತದೆ. ಆದರೆ ಗುಡ್ಡಗಳು ಒಂದು ಕಡೆಗೆ ವಾಲಿದ ಹಾಗೆ, ಉಪಗ್ರಹದ ಕಡೆಗಿನ ಇಳಿಜಾರು ಬೆಳ್ಳಗೆ ಹೊಳೆಯುವ ಹಾಗೆ ಕಾಣುತ್ತವೆ. ಅದು ಫೈಲಿನ ದೋಷವಲ್ಲ. ರೇಡಾರ್ ಓರೆಯಾಗಿ ನೋಡುವುದರಿಂದ ಹಾಗಾಗುತ್ತದೆ. ಹೊಸಬರು ಇದರಿಂದ ಶುರು ಮಾಡುವುದು ಬೇಡ.

‘ಅರ್ಧ ಇಳಿದು ನಿಲ್ಲುತ್ತೆ, ಜಿಪ್ ಬಿಚ್ಚಲ್ಲ’

ಸೆಂಟಿನೆಲ್-2ರ ಒಂದು ಫೈಲು ಹತ್ತಿರ ಹತ್ತಿರ 1 ಜಿಬಿ ಇರುತ್ತದೆ. ತೋಟದ ಮನೆಯಲ್ಲಿ ಸೆಕೆಂಡಿಗೆ 4 ಮೆಗಾಬಿಟ್ ವೇಗ ಸಿಕ್ಕರೆ ಅದಕ್ಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಅಷ್ಟರಲ್ಲಿ ಒಂದು ಸಲವಾದರೂ ಕರೆಂಟ್ ಹೋಗುತ್ತೆ, ಅಲ್ವಾ?

ಮೊದಲು ಇಳಿದ ಫೈಲಿನ ಗಾತ್ರವನ್ನು ಜಾಲತಾಣದಲ್ಲಿ ತೋರಿಸಿದ ಗಾತ್ರದ ಜೊತೆ ಹೋಲಿಸಿ. ಕಡಿಮೆ ಇದ್ದರೆ ಅರ್ಧವೇ ಇಳಿದಿದೆ. ಅಳಿಸಿ ಮತ್ತೆ ಇಳಿಸಿ, ಅಥವಾ ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಬಳಸಿ. ಕೆಲವೇ ಕೆಬಿ ಇದ್ದರೆ ಅದು ಚಿತ್ರವೇ ಅಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ‘ಲಾಗಿನ್ ಆಗಿ’ ಅನ್ನುವ ಸಂದೇಶವೇ ಫೈಲಾಗಿ ಇಳಿದಿರುತ್ತದೆ.

ಗಾತ್ರ ಸರಿಯಿದ್ದೂ ಜಿಪ್ ಬಿಚ್ಚದಿದ್ದರೆ, ವಿಂಡೋಸ್‌ನಲ್ಲಿ ಜಾಸ್ತಿ ಸಲ ಫೋಲ್ಡರ್ ಹೆಸರಿನ ಉದ್ದವೇ ಕಾರಣ. ಸೆಂಟಿನೆಲ್ ಫೋಲ್ಡರುಗಳ ಹೆಸರು ತುಂಬಾ ಉದ್ದ, ಒಂದರೊಳಗೆ ಒಂದು ಇರುತ್ತವೆ. ವಿಂಡೋಸ್ ಮಾಮೂಲಿಗೆ ಸುಮಾರು 260 ಅಕ್ಷರಕ್ಕೆ ಕೈ ಎತ್ತುತ್ತದೆ. ಡೆಸ್ಕ್‌ಟಾಪಿನ ನಾಲ್ಕು ಫೋಲ್ಡರ್ ಒಳಗೆ ಬಿಚ್ಚುವ ಬದಲು ಡಿ ಡ್ರೈವಿನ ಮೇಲ್ಗಡೆಯೇ ‘ಎಸ್2’ ಅಂತ ಸಣ್ಣ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪೆನ್‌ಡ್ರೈವಿಗೆ ದೊಡ್ಡ ಫೈಲು ಹೋಗದಿದ್ದರೆ ಅದು ಫ್ಯಾಟ್32 ಮಾದರಿಯದು, 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಹಿಡಿಯುವುದಿಲ್ಲ.

ನೆಟ್ ತೀರಾ ನಿಧಾನ ಇದ್ದರೆ ಇಡೀ ಫೈಲು ಯಾಕೆ ಬೇಕು? ಎನ್‌ಡಿವಿಐಗೆ ಬೇಕಾದದ್ದು 4 ಮತ್ತು 8ನೇ ಬ್ಯಾಂಡ್, ಅಂದರೆ ಕೆಂಪು ಮತ್ತು ನಿಯರ್ ಇನ್ಫ್ರಾರೆಡ್, ಎರಡೇ. ಕೋಪರ್ನಿಕಸ್‌ನವರ ಬ್ರೌಸರಿನಲ್ಲಿ ನಿಮ್ಮ ಜಾಗದ ಸುತ್ತ ಚೌಕ ಎಳೆದು ಅಷ್ಟನ್ನೇ ಜಿಯೋಟಿಫ್ (ಜಾಗದ ಗುರುತೂ ಇರುವ ಚಿತ್ರದ ಫೈಲು) ಆಗಿ ಇಳಿಸಬಹುದು.

ಮಾರ್ಚ್‌ನಿಂದ ಮೇವರೆಗಿನ ಗುಡುಗು ಮಳೆಯ ಹೊತ್ತಿನಲ್ಲಿ ‘ಇನ್ನೊಂದು ಹತ್ತು ಪರ್ಸೆಂಟ್ ಇದೆ’ ಅಂತ ಕಾಯುತ್ತಾ ಕೂರಬೇಡಿ. ಗುಡುಗು ದೂರದಲ್ಲಿ ಕೇಳಿಸುವಾಗಲೇ ರೌಟರ್, ಲ್ಯಾಪ್‌ಟಾಪ್ ಚಾರ್ಜರ್ ಎರಡನ್ನೂ ಪ್ಲಗ್‌ನಿಂದ ತೆಗೆಯಿರಿ. ಮಿಂಚು ತಲೆಯ ಮೇಲೆ ಬಂದ ಮೇಲೆ ಪ್ಲಗ್ಗಿಗೂ ತಂತಿಗೂ ಕೈ ಹಾಕಬೇಡಿ. ಫೈಲು ನಾಳೆಯೂ ಸಿಗುತ್ತದೆ.

‘ತೆರೆದರೆ ಕರಿಕಪ್ಪು’, ‘ಕಾಡೆಲ್ಲ ಕೆಂಪು’

ಎರಡರಲ್ಲೂ ಚಿತ್ರಕ್ಕೆ ಏನೂ ಆಗಿಲ್ಲ. ಮೊಬೈಲ್ ಫೋಟೋದಲ್ಲಿ ಬೆಳಕಿನ ಅಂಕಿ 0ಯಿಂದ 255ರವರೆಗೆ ಇರುತ್ತದೆ. ಇಲ್ಲಿ 10,000 ದಾಟಿಯೂ ಹೋಗುತ್ತದೆ. ಕ್ಯೂಜಿಐಎಸ್‌ನಲ್ಲಿ ಪದರದ ಸಿಂಬಾಲಜಿಗೆ ಹೋಗಿ 2%ರಿಂದ 98% ಅನ್ನುವ ಕ್ಯುಮುಲೇಟಿವ್ ಕೌಂಟ್ ಕಟ್ ಆರಿಸಿ. ಬೆಳಕು ಬರುತ್ತದೆ. ಕಾಡು ಕೆಂಪಗಿದ್ದರೆ ನೀವು 8, 4, 3ನೇ ಬ್ಯಾಂಡುಗಳನ್ನು ಜೋಡಿಸಿದ್ದೀರಿ. ಕಣ್ಣಿಗೆ ಕಾಣುವ ಬಣ್ಣ ಬೇಕಾದರೆ 4, 3, 2 ಹಾಕಿ.

‘ತೋಟ ಇರೋ ಜಾಗದಲ್ಲಿಲ್ಲ’

ಎಷ್ಟು ದೂರ ಜರುಗಿದೆ ಅಂತ ಅಳೆಯಿರಿ. ಆ ದೂರವೇ ಕಾರಣ ಹೇಳುತ್ತದೆ.

ಸಾವಿರಾರು ಕಿಲೋಮೀಟರ್ ಆದರೆ ಮೇಲೆ ಹೇಳಿದ ಅಕ್ಷಾಂಶ, ರೇಖಾಂಶದ ಅದಲುಬದಲು. ನೂರಾರು ಕಿಲೋಮೀಟರ್ ಆದರೆ ಯುಟಿಎಂ (ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಅಳೆಯುವ ಕ್ರಮ) ವಲಯ ತಪ್ಪು. ಇಡೀ ಕೊಡಗು ಬೀಳುವುದು 43 ಉತ್ತರ ವಲಯದಲ್ಲಿ, ತಂತ್ರಾಂಶದಲ್ಲಿ ಅದನ್ನು ಆರಿಸುವ ಇಪಿಎಸ್‌ಜಿ ಸಂಖ್ಯೆ 32643. ನೂರು, ಇನ್ನೂರು ಮೀಟರ್ ಜರುಗಿದ್ದರೆ ಹಳೇ ಟೋಪೋಶೀಟ್ ಮೇಲೆ ಅನುಮಾನ ಪಡಿ. ಆ ಸರ್ವೆ ನಕ್ಷೆಗಳು ಭೂಮಿಯ ಆಕಾರ ಹಿಡಿಯುವ ಹಳೆಯ ಎವರೆಸ್ಟ್ ಲೆಕ್ಕದವು, ಉಪಗ್ರಹ ಚಿತ್ರ ಡಬ್ಲ್ಯೂಜಿಎಸ್84 ಲೆಕ್ಕದ್ದು. ಹತ್ತಿಪ್ಪತ್ತು ಮೀಟರ್ ಆದರೆ ಸುಮ್ನೆ ಬಿಡಿ, ಅದು ಒಂದೆರಡು ಪಿಕ್ಸೆಲ್.

ಅದೇ ಕಾರಣಕ್ಕೆ ಇನ್ನೊಂದು ಮಾತು. 10 ಮೀಟರ್ ಪಿಕ್ಸೆಲ್ಲಿನ ಚಿತ್ರ ಇಟ್ಟುಕೊಂಡು ಬೇಲಿ ಜಗಳಕ್ಕೆ, ಬಾಣೆ ಜಾಗದ ಗಡಿ ಎಳೆಯಲು ಹೋಗಬೇಡಿ. ಒಂದು ಪಿಕ್ಸೆಲ್ ತಪ್ಪಿದರೆ ಪಕ್ಕದ ಮನೆಯವರ ಜೊತೆಗಿನ ಎರಡು ತಲೆಮಾರಿನ ಮಾತುಕತೆ ಕೆಡುತ್ತದೆ. ಅದು ಸರ್ವೆ ಇಲಾಖೆಯ ಭೂಮಾಪಕರ ಕೆಲಸ.

‘ಅರ್ಧ ಚಿತ್ರ ಖಾಲಿ’, ‘ಕಪ್ಪು ಗೆರೆ ಗೆರೆ’

ಕೊಡಗು ಒಂದೇ ತುಂಡಿನಲ್ಲಿ ಬರುವುದಿಲ್ಲ. ಮಡಿಕೇರಿ, ವಿರಾಜಪೇಟೆ, ಹಾರಂಗಿ ಸೆಂಟಿನೆಲ್-2ರ ‘43ಪಿಇಪಿ’ ಹೆಸರಿನ ತುಂಡಿನಲ್ಲಿವೆ. ಶನಿವಾರಸಂತೆಯ ಕಡೆಗೆ ‘43ಪಿಇಕ್ಯೂ’ ಬೇಕು. ನಾಗರಹೊಳೆಯ ಪೂರ್ವಕ್ಕೆ ‘43ಪಿಎಫ್‌ಪಿ’. ತುಂಡು ಸರಿಯಿದ್ದೂ ಒಂದು ಕಡೆ ಓರೆಯಾಗಿ ಕತ್ತರಿಸಿದ ಹಾಗೆ ಖಾಲಿ ಇದ್ದರೆ ಉಪಗ್ರಹದ ಆ ದಿನದ ಹಾದಿ ಅಲ್ಲಿಗೇ ಮುಗಿದಿದೆ. ಬೇರೆ ದಿನದ್ದು ತೆಗೆದುಕೊಳ್ಳಿ.

ಚಿತ್ರದಲ್ಲಿ ಸಾಲು ಸಾಲು ಕಪ್ಪು ಪಟ್ಟಿಗಳಿದ್ದರೆ ಅದು ಲ್ಯಾಂಡ್‌ಸ್ಯಾಟ್-7. 2003ರ ಮೇ 31ರಂದು ಅದರ ಒಂದು ಭಾಗ ಕೆಟ್ಟಿತು. ಆಮೇಲಿನ ಅದರ ಎಲ್ಲ ಚಿತ್ರವೂ ಹಾಗೇ. ಮತ್ತೆ ಇಳಿಸಿದರೂ ಬದಲಾಗುವುದಿಲ್ಲ. 2013ರ ನಂತರಕ್ಕೆ ಲ್ಯಾಂಡ್‌ಸ್ಯಾಟ್-8 ಬಳಸಿ. ಅದಕ್ಕೂ ಹಿಂದಿನದಕ್ಕೆ ಲ್ಯಾಂಡ್‌ಸ್ಯಾಟ್-5 ಸಿಗುತ್ತದಾ ನೋಡಿ.

‘ಎನ್‌ಡಿವಿಐ ನಂಬೋ ಹಾಗಿಲ್ಲ’

ಎನ್‌ಡಿವಿಐ ಅಂದರೆ ಎಲೆಯ ಹಸಿರನ್ನು ಅಳೆಯುವ ಒಂದು ಅಂಕ. 8ನೇ ಬ್ಯಾಂಡಿನಿಂದ 4ನೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಉತ್ತರ −1ರಿಂದ 1ರ ಒಳಗಿರಬೇಕು. ಎಲ್ಲ ಕಡೆ ಬರೀ 0 ಬಂದರೆ ಕೋಡಿನಲ್ಲಿ ದಶಾಂಶ ಬಿಟ್ಟುಹೋಗಿದೆ, ಪೂರ್ಣಾಂಕದ ಭಾಗಾಕಾರ ಆಗಿದೆ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಬ್ಯಾಂಡು ತಿರುವುಮುರುವು ಆದರೆ ನೀರು ಹಸಿರಾಗಿ, ಕಾಡು ಬೋಳಾಗಿ ಕಾಣುತ್ತದೆ. ಹಾರಂಗಿ ಪರೀಕ್ಷೆಯಲ್ಲಿ ಇದು ಕೂಡಲೇ ಸಿಕ್ಕಿಬೀಳುತ್ತದೆ.

ನನ್ನನ್ನು ಸುಂಟಿಕೊಪ್ಪದ ತೋಟದಲ್ಲಿ ಎಡವಿಸಿದ್ದು ಇದಕ್ಕಿಂತ ಸೂಕ್ಷ್ಮ. 2022ರ ಜನವರಿ 25ರಿಂದ ಸೆಂಟಿನೆಲ್-2 ಫೈಲುಗಳಲ್ಲಿ ಪ್ರತಿ ಅಂಕಿಗೂ 1000 ಸೇರಿಸಿ ಬರೆಯಲು ಶುರು ಮಾಡಿದರು. ತುಂಬಾ ಕಪ್ಪಗಿರುವ ಜಾಗಗಳ ಅಂಕಿ ಸೊನ್ನೆಯಲ್ಲೇ ಕತ್ತರಿಸಿಹೋಗದಿರಲಿ ಅಂತ ಮಾಡಿದ ಬದಲಾವಣೆ ಅದು. ಬಳಸುವವರು ಆ 1000 ಕಳೆಯಬೇಕು. ನಾನು ಕಳೆದಿರಲಿಲ್ಲ.

ಲೆಕ್ಕ ನೋಡಿ. ಹೊಸ ಫೈಲಿನಲ್ಲಿ ತೋಟದ 8ನೇ ಬ್ಯಾಂಡ್ 4000, 4ನೆಯದು 1400 ಇತ್ತು. ಹಾಗೇ ಹಾಕಿದರೆ 2600 ಭಾಗಿಸು 5400, ಬಂದದ್ದು 0.48. ಎರಡರಿಂದಲೂ 1000 ಕಳೆದರೆ 3000 ಮತ್ತು 400. ಈಗ 2600 ಭಾಗಿಸು 3400, ಅಂದರೆ 0.76. ತೋಟ ಇದ್ದ ಹಾಗೇ ಇತ್ತು.

ದಿನಾಂಕ ಒಂದನ್ನೇ ನೋಡಿದರೆ ಸಾಲದು. ಹಳೇ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮತ್ತೆ ಸಿದ್ಧ ಮಾಡಿ ಹಾಕುತ್ತಿದ್ದಾರೆ. ಆದ್ದರಿಂದ 2019ರ ಚಿತ್ರದಲ್ಲೂ ಈ 1000 ಇರಬಹುದು. ಫೈಲಿನ ಹೆಸರನ್ನು ಬಿಡಿಸಿ ಓದಿ. ಮೊದಲು ಉಪಗ್ರಹ, ಆಮೇಲೆ ಎಲ್1ಸಿಯೋ ಎಲ್2ಎಯೋ, ಆಮೇಲೆ ದಿನಾಂಕ. ಅದಾದ ಮೇಲೆ ‘ಎನ್’ ಅಕ್ಷರ ಮತ್ತು ನಾಲ್ಕು ಅಂಕಿ ಬರುತ್ತದೆ. ಅದು 0400 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1000 ಕಳೆಯಿರಿ. ಕಡಿಮೆ ಇದ್ದರೆ ಬೇಡ. ಅರ್ಥ್ ಎಂಜಿನ್ ಬಳಸುವವರು ‘ಹಾರ್ಮೊನೈಸ್ಡ್’ ಅಂತ ಹೆಸರಿರುವ ಸಂಗ್ರಹ ಆರಿಸಿದರೆ ಈ ಕೆಲಸ ಅಲ್ಲೇ ಆಗಿರುತ್ತದೆ. ಅಲ್ಲಿ ಇನ್ನೊಮ್ಮೆ ಕಳೆಯಬೇಡಿ.

ಇದೂ ಸರಿಯಿದ್ದು ಅಂಕ ಇನ್ನೂ ಕಡಿಮೆ ಬಂದರೆ ಮೋಡದ ನೆರಳು ನೋಡಿ. ಎಲ್2ಎ ಫೈಲಿನಲ್ಲಿ ‘ಎಸ್‌ಸಿಎಲ್’ ಅನ್ನುವ ಪದರ ಇರುತ್ತದೆ. ಅದರಲ್ಲಿ 3 ಅಂದರೆ ಮೋಡದ ನೆರಳು, 8 ಮತ್ತು 9 ಅಂದರೆ ಮೋಡ, 10 ಅಂದರೆ ತೆಳು ಮೋಡ. ಆ ಪಿಕ್ಸೆಲ್‌ಗಳನ್ನು ಬಿಟ್ಟು ಲೆಕ್ಕ ಮಾಡಿ. ಇದೂ ಪೂರ್ತಿ ಸರಿಯಿರುವುದಿಲ್ಲ. ಕಣಿವೆಯ ಬೆಳಗಿನ ಮಂಜು ತಪ್ಪಿಸಿಕೊಳ್ಳುತ್ತದೆ. ಉಪಗ್ರಹ ದಾಟುವುದು ಬೆಳಗ್ಗೆ ಹತ್ತೂವರೆಯ ಆಸುಪಾಸು. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ ಇರುವುದರಿಂದ ಕಡಿದಾದ ಗುಡ್ಡಗಳ ವಾಯವ್ಯದ ಇಳಿಜಾರು ನೆರಳಿನಲ್ಲಿರುತ್ತದೆ. ಅಂಥ ತೋಟಕ್ಕೆ ಫೆಬ್ರವರಿ, ಮಾರ್ಚ್ ಚಿತ್ರ ಒಳ್ಳೆಯದು. ಹೋಲಿಸುವಾಗ ಎರಡೂ ವರ್ಷದ ಒಂದೇ ತಿಂಗಳು ಇರಲಿ.

‘ಅರ್ಥ್ ಎಂಜಿನ್‌ನಿಂದ ಬಂದದ್ದು ಬರೀ ಚೌಕ ಚೌಕ’

ಎಕ್ಸ್‌ಪೋರ್ಟ್ ಮಾಡುವಾಗ ‘ಸ್ಕೇಲ್’ (ಒಂದು ಪಿಕ್ಸೆಲ್ಲಿನ ಅಳತೆ) ಬರೆಯುವುದು ಮರೆತಿದ್ದೀರಿ. ಬರೆಯದಿದ್ದರೆ ಅದು 1000 ಮೀಟರ್ ಅಂತ ತಾನೇ ಹಿಡಿಯುತ್ತದೆ. ಒಂದು ಚೌಕಕ್ಕೆ 247 ಎಕರೆ! ಅದರಲ್ಲಿ ನಿಮ್ಮ ಐದು ಎಕರೆ ಎಲ್ಲಿ ಕಾಣಬೇಕು? ‘ಸ್ಕೇಲ್ 10’ ಅಂತ ಕೊಡಿ. ಆಗ ಎಕರೆಗೆ ಸುಮಾರು 40 ಪಿಕ್ಸೆಲ್ ಸಿಗುತ್ತದೆ.

‘ಪಿಕ್ಸೆಲ್ ಜಾಸ್ತಿಯಾಯಿತು’ ಅನ್ನುವ ತಪ್ಪು ಬಂದರೆ ಅದರ ಮಾಮೂಲಿ ಮಿತಿ 10 ಕೋಟಿ. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಆದರೆ ಜಿಲ್ಲೆಯ ಸುತ್ತ ಎಳೆದ ಚೌಕ ಅದರ ಎರಡರಷ್ಟಕ್ಕೂ ಜಾಸ್ತಿ ಆಗುವುದರಿಂದ 10 ಮೀಟರ್ ಲೆಕ್ಕದಲ್ಲಿ ಆ ಮಿತಿಯ ಅಂಚಿಗೇ ಬರುತ್ತದೆ. ತಾಲ್ಲೂಕುವಾರು ಇಳಿಸಿ, ಇಲ್ಲವೇ ‘ಮ್ಯಾಕ್ಸ್‌ಪಿಕ್ಸೆಲ್ಸ್’ ಅಂಕಿ ಏರಿಸಿ. ‘ಮೆಮೊರಿ ಮುಗಿಯಿತು’ ಅಂದರೆ ಪರದೆಯ ಮೇಲೆ ತೋರಿಸುವುದನ್ನು ಬಿಟ್ಟು ನೇರ ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿ. ಡ್ರೈವಿನ ಉಚಿತ ಜಾಗ 15 ಜಿಬಿ, ಅದು ತುಂಬಿದ್ದರೂ ಕೆಲಸ ನಿಲ್ಲುತ್ತದೆ.

‘ಕಾಫಿ ತೋಟವನ್ನು ಕಾಡು ಅಂತ ತೋರಿಸುತ್ತೆ’

ಇದಕ್ಕೆ ಸುಲಭದ ಮದ್ದಿಲ್ಲ. ನಮ್ಮ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಮೇಲಿಂದ ಕಾಣುವುದು ಸಿಲ್ವರ್ ಓಕ್, ಅತ್ತಿ, ಹಲಸಿನ ತಲೆಗಳು. ದೇವರ ಕಾಡು, ಬಾಣೆ, ತೋಟ ಮೂರೂ ಒಂದೇ ಹಸಿರಾಗಿ ಬರುತ್ತವೆ. ಒಂದೇ ದಿನದ ಚಿತ್ರದಿಂದ ಬೇರ್ಪಡಿಸಲು ಹೋಗಬೇಡಿ. ವರ್ಷದ ಬೇರೆ ಬೇರೆ ತಿಂಗಳ ಚಿತ್ರ, ರೇಡಾರ್, ಎತ್ತರದ ಮಾಹಿತಿ ಮೂರನ್ನೂ ಸೇರಿಸಬೇಕು. ಜೊತೆಗೆ ಸ್ಥಳಕ್ಕೆ ಹೋಗಿ ಗುರುತು ಮಾಡಿದ ಜಾಗಗಳು ಬೇಕೇ ಬೇಕು.

ಹಾಗೆ ಗುರುತು ಮಾಡಲು ಹೋಗುವಾಗ ಒಬ್ಬರೇ ಹೋಗಬೇಡಿ. ತೋಟದವರಿಗೆ ಮೊದಲೇ ತಿಳಿಸಿ. ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ, ಫೋನಿನ ನಕ್ಷೆಗೆ ಗೊತ್ತಿಲ್ಲ. ನಸುಕಿನಲ್ಲೂ ಬೇಡ, ಸಂಜೆ ಹೊತ್ತೂ ಬೇಡ. ಜೋರು ಮಳೆಯ ದಿನಗಳಲ್ಲಿ ಕುಸಿದ ಗುಡ್ಡದ ಕೆಳಗೆ, ಹೊಳೆಯ ದಂಡೆಗೆ ಹೋಗಲೇಬೇಡಿ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಮನೆಯ ಹಿಂದಿನ ಕಡಿದಾದ ಮಣ್ಣಿನ ಬರೆಯಲ್ಲಿ ಬಿರುಕು, ಮರ ವಾಲಿದ್ದು, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದದ್ದು ಕಂಡರೆ ಲ್ಯಾಪ್‌ಟಾಪ್ ಮುಚ್ಚಿ, ಮನೆಯವರನ್ನು ಕರೆದುಕೊಂಡು ಹೊರಡಿ. 1077ಕ್ಕೋ 112ಕ್ಕೋ ಫೋನ್ ಮಾಡಿ. ಐದು ದಿನಕ್ಕೊಮ್ಮೆ ಬರುವ, ಮಳೆಗಾಲದಲ್ಲಿ ಮೋಡವನ್ನೇ ತೋರಿಸುವ ಚಿತ್ರ ಆ ಹೊತ್ತಿಗೆ ನಿಮ್ಮನ್ನು ಕಾಯುವುದಿಲ್ಲ.

ಅವಸರವಿಲ್ಲದ ತೊಂದರೆ ಎರಡು ದಿನವಾದರೂ ಬಗೆಹರಿಯದಿದ್ದರೆ ಕೇಳಿಬಿಡಿ. ಕಾಡು, ಮರದ ವಿಷಯಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಇದೆ. ಕಾಫಿಯ ರೋಗ, ನೆರಳಿನ ವಿಷಯಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ. ಚಿತ್ರದ ತಾಂತ್ರಿಕ ವಿಷಯಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಕೇಳುವಾಗ ಫೈಲಿನ ಪೂರ್ತಿ ಹೆಸರು, ನೀವು ಹಾಕಿದ ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ, ತಪ್ಪಿನ ಸಂದೇಶದ ಸ್ಕ್ರೀನ್‌ಶಾಟ್, ಹಾರಂಗಿ ಪರೀಕ್ಷೆಯಲ್ಲಿ ಏನು ಕಂಡಿತು, ಇಷ್ಟನ್ನೂ ಒಂದೇ ಪತ್ರದಲ್ಲಿ ಬರೆದು ಕಳಿಸಿ.